ಬಲ್ಬ್ ಬದಲಾಯಿತು, ಕತ್ತಲೆ ಹಾಗೇ ಇದೆ

ನಮ್ಮ ಬೀದಿಯಲ್ಲಿ 16 ದೀಪದ ಕಂಬಗಳಿವೆ. ಒಂದು ಮುಂಗಾರಿನ ಮೊದಲ ಜೋರು ಮಳೆಗೆ ಹದಿನಾರೂ ಒಟ್ಟಿಗೆ ಆರಿದವು. ದೂರು ಕೊಟ್ಟೆವು. ಎರಡು ದಿನ ಬಿಟ್ಟು, ಬಿಸಿಲು ಚುರುಗುಟ್ಟುವ ಮಧ್ಯಾಹ್ನ, ಏಣಿ ಹೊತ್ತ ಇಬ್ಬರು ಬಂದರು. ತಿರುವಿನಲ್ಲಿರುವ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆಗೆದು ಒಂದು ಸ್ವಿಚ್ಚನ್ನು ಮೇಲಕ್ಕೆತ್ತಿದರು, ಹದಿನಾರೂ ಹತ್ತಿಕೊಂಡವು. ಬಂದದ್ದಕ್ಕೆ ಏನಾದರೂ ಮಾಡಿದಂತಿರಲಿ ಎಂದೋ ಏನೋ, ದೂರು ಕೊಟ್ಟವರ ಮನೆ ಮುಂದಿನ ಕಂಬದ ದೀಪವನ್ನು ಬಿಚ್ಚಿ ಹೊಸದು ಹಾಕಿದರು. ಸಂಜೆ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ. ಮುಂದಿನ ಮಳೆಗೆ ಮತ್ತೆ ಹದಿನಾರೂ ಆರಿದವು. ಆ ಮಳೆಗಾಲದಲ್ಲಿ ಐದು ದೂರು, ಐದು ಪರಿಹಾರ. ಕಡತದ ಲೆಕ್ಕದಲ್ಲಿ ನಮ್ಮದು ಭಾರಿ ಅದೃಷ್ಟವಂತ ಬೀದಿ.

ಏಣಿ ಹೊತ್ತು ಬಂದವರನ್ನು ಬೈದು ಪ್ರಯೋಜನವಿಲ್ಲ. ದೀಪ ಹತ್ತಿಸಿ ಬನ್ನಿ ಎಂದಿದ್ದರು, ಹತ್ತಿಸಿ ಹೋದರು. ಯಾಕೆ ಆರಿತು ಎಂದು ಕೇಳುವ ಕೆಲಸವನ್ನು ಯಾರಿಗೂ ಒಪ್ಪಿಸಿರಲಿಲ್ಲ. ನಮ್ಮ ಊರುಗಳಲ್ಲಿ ಮೇಲಿಂದ ಮೇಲೆ ಕೆಡುವ ಬೀದಿದೀಪಗಳ ಕತೆ ಬಹುಪಾಲು ಹೀಗೇ ಇರುತ್ತದೆ ಎಂದು ನನಗನ್ನಿಸುತ್ತದೆ. ಕೆಡುವುದು ಒಂದು ಕಡೆ, ರಿಪೇರಿ ನಡೆಯುವುದು ಇನ್ನೊಂದು ಕಡೆ.

ಬೆಂಗಳೂರಿನಲ್ಲಿ ಇಂದಿನ ಕೆ.ಆರ್. ಮಾರುಕಟ್ಟೆಯ ಬಳಿ ವಿದ್ಯುತ್ ಬೀದಿದೀಪ ಬೆಳಗಿದ್ದು 1905ರ ಆಗಸ್ಟ್ 5ರಂದು. ಕೋಲಾರದ ಚಿನ್ನದ ಗಣಿಗಳಿಗೆಂದು 1902ರಲ್ಲಿ ಶುರುವಾದ ಶಿವನಸಮುದ್ರದ ವಿದ್ಯುತ್ತೇ ಊರಿಗೂ ಬಂದದ್ದು. ಏಷ್ಯಾದಲ್ಲೇ ಮೊದಲು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಲ್ಲಿಂದ ಈಚೆಗೆ ಕಂಬದ ತುದಿಯಲ್ಲಿ ಬುರುಡೆ ಬಲ್ಬು, ಟ್ಯೂಬ್‌ಲೈಟು, ಮರ್ಕ್ಯುರಿ, ಹಳದಿ ಸೋಡಿಯಂ, ಈಗ ಎಲ್‌ಇಡಿ ಎಂದು ಐದಾರು ತಲೆಮಾರು ಬಂದುಹೋಗಿವೆ. ಕಣ್ಣಿಗೆ ಕಾಣುವುದು ಅದೇ ಆದ್ದರಿಂದ ಬಜೆಟ್ಟಿನ ಹಣವೂ ಭಾಷಣವೂ ಅದರ ಸುತ್ತಲೇ ತಿರುಗುತ್ತವೆ. ಕೆಳಗಿನ ಪೆಟ್ಟಿಗೆ, ನೆಲದೊಳಗಿನ ಕೇಬಲ್ಲು, ಅದರ ಗಂಟುಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ಕಾಣದ ಭಾಗವನ್ನು ಒಮ್ಮೆ ನೋಡೋಣ. ಟ್ರಾನ್ಸ್‌ಫಾರ್ಮರಿನಿಂದ ಬಂದ ವಿದ್ಯುತ್ತು ಮೊದಲು ಬೀದಿ ತಿರುವಿನ ಪೆಟ್ಟಿಗೆಗೆ ಇಳಿಯುತ್ತದೆ. ಕೆಲಸದವರು ಅದನ್ನು ಫೀಡರ್ ಪಿಲ್ಲರ್ ಅನ್ನುತ್ತಾರೆ. ಒಳಗೆ ಮೀಟರು, ಹೊತ್ತಿಗೆ ಸರಿಯಾಗಿ ದೀಪ ಹಚ್ಚುವ ಟೈಮರು, ಅದು ಹೇಳಿದಾಗ ಟಕ್ಕೆಂದು ಬಡಿದು ವಿದ್ಯುತ್ತನ್ನು ಮುಂದಕ್ಕೆ ಬಿಡುವ ಕಾಂಟ್ಯಾಕ್ಟರು, ಮಿತಿ ಮೀರಿ ಹರಿದರೆ ವಿದ್ಯುತ್ತನ್ನು ಕಡಿಯುವ ಫ್ಯೂಸು ಅಥವಾ ಎಂಸಿಬಿ ಇರುತ್ತವೆ. ಅಲ್ಲಿಂದ ಹೊರಡುವ ಕೇಬಲ್ಲಿನಲ್ಲಿ ಮೂರು ಫೇಸು, ಒಂದು ನ್ಯೂಟ್ರಲ್. ಭಾರ ಸಮನಾಗಿ ಹಂಚಲಿ ಎಂದು ಮೊದಲ ಕಂಬವನ್ನು ಒಂದು ಫೇಸಿಗೆ, ಎರಡನೆಯದನ್ನು ಇನ್ನೊಂದಕ್ಕೆ, ಮೂರನೆಯದನ್ನು ಮತ್ತೊಂದಕ್ಕೆ, ನಾಲ್ಕನೆಯದನ್ನು ಪುನಃ ಮೊದಲನೆಯದಕ್ಕೆ ಕೊಡುವುದು ವಾಡಿಕೆ. ಪ್ರತಿ ಕಂಬದ ಬುಡದಲ್ಲಿ, ಮೊಣಕಾಲೆತ್ತರಕ್ಕೆ, ಅಂಗೈಯಗಲದ ಬಾಗಿಲೊಂದಿರುತ್ತದೆ. ನಮ್ಮಲ್ಲಿ ಅದರ ಮುಚ್ಚಳ ಇರುವುದೇ ಅಪರೂಪ. ಕೇಬಲ್ಲು ಅಲ್ಲಿಗೆ ಬಂದು, ಗಂಟು ಹಾಕಿಸಿಕೊಂಡು, ಮುಂದಿನ ಕಂಬಕ್ಕೆ ಹೋಗುತ್ತದೆ. ದೀಪಕ್ಕೆ ಹತ್ತುವುದು ಒಂದು ಸಣ್ಣ ತಂತಿ ಮಾತ್ರ.

ಇಷ್ಟು ಗೊತ್ತಿದ್ದರೆ ಕತ್ತಲೆಯನ್ನು ಓದಬಹುದು. ಬೀದಿಯ ಒಂದು ತುದಿಯಲ್ಲಿ ನಿಂತು ಎಣಿಸಿ. ಒಂದೇ ಕಂಬ ಆರಿದ್ದರೆ ತೊಂದರೆ ಆ ಕಂಬದ್ದೇ: ದೀಪ, ಅದಕ್ಕೆ ವಿದ್ಯುತ್ತು ಉಣಿಸುವ ಡ್ರೈವರು, ಬುಡದ ಫ್ಯೂಸು. ಎರಡು ಬಿಟ್ಟು ಒಂದು, ಎರಡು ಬಿಟ್ಟು ಒಂದು ಎಂಬ ಲೆಕ್ಕದಲ್ಲಿ ಆರಿದ್ದರೆ ಒಂದು ಫೇಸ್ ಹೋಗಿದೆ. ಅಲ್ಲಿ ಐದು ದೀಪ ಬದಲಿಸುವುದು ದಂಡ, ಪೆಟ್ಟಿಗೆಯಲ್ಲಿ ಒಂದು ಫ್ಯೂಸು ನೋಡಿದರೆ ಸಾಕು. ಒಂಬತ್ತನೇ ಕಂಬದವರೆಗೆ ಬೆಳಕಿದ್ದು ಹತ್ತರಿಂದ ಕೊನೆಯವರೆಗೆ ಕತ್ತಲಿದ್ದರೆ ಒಂಬತ್ತಕ್ಕೂ ಹತ್ತಕ್ಕೂ ನಡುವೆ ಕೇಬಲ್ ಕಡಿದಿದೆ, ಇಲ್ಲವೇ ಆ ಎರಡರಲ್ಲೊಂದರ ಬುಡದ ಗಂಟು ಸುಟ್ಟಿದೆ. ಹಳೆಯ ಸೋಡಿಯಂ ಸಾಲಿನ ಕೊನೆಯ ನಾಲ್ಕಾರು ದೀಪಗಳು ಸಂಜೆ ಏಳಕ್ಕೆ ಹತ್ತದೆ ರಾತ್ರಿ ಹನ್ನೊಂದಕ್ಕೆ ತಾವಾಗಿಯೇ ಹತ್ತಿಕೊಂಡರೆ ಅದು ದೆವ್ವದ ಕೆಲಸವಲ್ಲ. ಊರೆಲ್ಲ ಟಿವಿ, ಮಿಕ್ಸಿ, ಗೀಸರ್ ಹಾಕಿದ ಹೊತ್ತಿನಲ್ಲಿ ಸಾಲಿನ ತುದಿಗೆ ತಲುಪುವ ವೋಲ್ಟೇಜು ದೀಪ ಹಚ್ಚಲು ಸಾಲದು. ಜನ ಮಲಗಿದ ಮೇಲೆ ಅದು ಏರುತ್ತದೆ. ಹದಿನಾರೂ ಆರಿದ್ದರೆ ಪೆಟ್ಟಿಗೆಯ ಕಡೆ ನೋಡಬೇಕು. ಹದಿನಾರೂ ಆರುವುದು ಮಳೆ ಬಂದಾಗ ಮಾತ್ರ ಎಂದಾದರೆ ನೆಲದ ಕಡೆ.

ಮಳೆಗೆ ಆರುವ ದೀಪ ಎಲ್ಲಕ್ಕಿಂತ ಸತಾಯಿಸುವಂಥದ್ದು. ಮೆಕ್ಯಾನಿಕ್ ಬಂದಾಗ ಅದು ಕೆಟ್ಟಿರುವುದೇ ಇಲ್ಲವಲ್ಲ! ಕೇಬಲ್ಲಿನ ಹೊದಿಕೆ ಎಲ್ಲೋ ಒಂದು ಕಡೆ ಸೀಳಿರುತ್ತದೆ. ಒಣ ಮಣ್ಣು ವಿದ್ಯುತ್ತನ್ನು ಅಷ್ಟಾಗಿ ಹೀರುವುದಿಲ್ಲ, ಆದ್ದರಿಂದ ಬೇಸಿಗೆಯಿಡೀ ಏನೂ ಗೊತ್ತಾಗದು. ನೀರಿಳಿದ ಕೂಡಲೇ ಆ ಸೀಳಿನಿಂದ ಭೂಮಿಗೆ ವಿದ್ಯುತ್ತು ಸೋರುತ್ತದೆ, ಪೆಟ್ಟಿಗೆಯಲ್ಲಿ ಕಾವಲಿಗಿರುವ ಸಾಧನ ಅದನ್ನು ಗಮನಿಸಿ ಇಡೀ ಸಾಲನ್ನು ಆರಿಸುತ್ತದೆ. ಎರಡು ದಿನದ ಬಿಸಿಲಿಗೆ ಮಣ್ಣು ಒಣಗುತ್ತದೆ, ಸ್ವಿಚ್ ಎತ್ತಿದವರಿಗೆ ಪುಣ್ಯ ಬರುತ್ತದೆ.

ಇಲ್ಲಿ ಒಂದು ಅಪಾಯದ ಅಡ್ಡದಾರಿ ಇದೆ. ಪದೇ ಪದೇ ಟ್ರಿಪ್ ಆಗುತ್ತಿದೆಯೆಂದು ಆ ಕಾವಲು ಸಾಧನವನ್ನೇ ದಾಟಿಸಿ ನೇರವಾಗಿ ತಂತಿ ಕೊಡುವುದು, ಅಥವಾ ಸಣ್ಣ ಎಂಸಿಬಿ ತೆಗೆದು ದೊಡ್ಡದು ಹಾಕುವುದು. ಆಮೇಲೆ ದೀಪ ಆರುವುದಿಲ್ಲ, ದೂರೂ ಬರುವುದಿಲ್ಲ. ಸೋರಿಕೆ ಮಾತ್ರ ಅಲ್ಲೇ ಇರುತ್ತದೆ. ಸೀಳು ಕಂಬದ ಬುಡದಲ್ಲೇ ಇದ್ದು, ಕಂಬದ ಅರ್ಥಿಂಗ್ ತಂತಿ ತುಕ್ಕು ಹಿಡಿದು ಕಡಿದಿದ್ದರೆ, ಆ ಲೋಹದ ಕಂಬಕ್ಕೇ ವಿದ್ಯುತ್ತು ಹರಿಯುತ್ತದೆ. ಮಳೆಯಲ್ಲಿ ನೆನೆದ ಹುಡುಗನೊಬ್ಬ ಅದಕ್ಕೆ ಕೈ ಆನಿಸಿ ನಿಂತರೆ ಮುಗಿಯಿತು. ಹಾಗಾಗಿ ಮಳೆಗೆ ಆರುವ ಸಾಲನ್ನು ಕಂಡು ನಾನೀಗ ಸಿಡಿಮಿಡಿಗೊಳ್ಳುವುದಿಲ್ಲ, ಕಾವಲು ಇನ್ನೂ ಎಚ್ಚರವಾಗಿದೆ ಎಂದುಕೊಳ್ಳುತ್ತೇನೆ. ಅದೇ ಬೀದಿ ಮುಂದಿನ ಮಳೆಗೆ ಯಾವ ರಿಪೇರಿಯೂ ಇಲ್ಲದೆ ಬೆಳಗುತ್ತಲೇ ಇದ್ದರೆ ಕಂಬದಿಂದ ದೂರ ನಡೆಯುತ್ತೇನೆ.

ಸೀಳನ್ನು ಹುಡುಕುವುದು ಹೇಗೆ? ಬೀದಿಯುದ್ದಕ್ಕೂ ಅಗೆಯಬೇಕಾಗಿಲ್ಲ. ನಮ್ಮ ಬೀದಿಗೆ ಕೊನೆಗೊಮ್ಮೆ ಬಂದ ವಯಸ್ಸಾದ ತಂತ್ರಜ್ಞರೊಬ್ಬರು ಮಾಡಿದ್ದನ್ನೇ ಹೇಳುತ್ತೇನೆ. ಅವರು ಬಂದದ್ದು ಮಳೆ ನಿಂತ ಮರುಬೆಳಿಗ್ಗೆ, ನೆಲ ಇನ್ನೂ ಹಸಿಯಿರುವಾಗ. ಪೆಟ್ಟಿಗೆಯಲ್ಲಿ ವಿದ್ಯುತ್ ಕಡಿದರು. ಎಲ್ಲ ಕಂಬಗಳ ದೀಪದ ತಂತಿ ಬಿಚ್ಚಿಸಿದರು. ಹಾಗೆ ಮಾಡದಿದ್ದರೆ ಎಲ್‌ಇಡಿಯ ಒಳಗಿನ ಭಾಗಗಳು ಪರೀಕ್ಷೆಯ ಲೆಕ್ಕ ಕೆಡಿಸುತ್ತವೆ, ಕೆಲವೊಮ್ಮೆ ತಾವೇ ಸುಡುತ್ತವೆ. ಆಮೇಲೆ ಎಂಟನೇ ಕಂಬದ ಬುಡದಲ್ಲಿ ಕೇಬಲ್ಲನ್ನು ಎರಡು ತುಂಡಾಗಿ ಬೇರ್ಪಡಿಸಿ, ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟ್ ಹಾಯಿಸಿ, ಫೇಸಿಗೂ ಭೂಮಿಗೂ ನಡುವಿನ ತಡೆ ಎಷ್ಟಿದೆ ನೋಡಿದರು. ಒಳ್ಳೆಯ ಕೇಬಲ್ಲಿನಲ್ಲಿ ಅದು ಹಲವು ಮೆಗಾಓಮ್ ಇರಬೇಕು. ಮೊದಲರ್ಧ ಸರಿಯಿತ್ತು. ಎರಡನೆಯ ಅರ್ಧದಲ್ಲಿ ಮುಳ್ಳು ಸೊನ್ನೆಗೆ ಬಿತ್ತು. ಹನ್ನೆರಡನೆಯ ಕಂಬಕ್ಕೆ ಹೋಗಿ ಮತ್ತೆ ಬೇರ್ಪಡಿಸಿದರು: ಎಂಟರಿಂದ ಹನ್ನೆರಡರ ನಡುವೆ ದೋಷ. ಹತ್ತನೆಯದಕ್ಕೆ ಬಂದರು: ಎಂಟರಿಂದ ಹತ್ತು ಸರಿ. ಹನ್ನೊಂದನೆಯದರಲ್ಲಿ ನೋಡಿದರು: ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಸಿಕ್ಕಿತು. ಹದಿನಾರು ಕಂಬಕ್ಕೆ ನಾಲ್ಕೇ ಪರೀಕ್ಷೆ. ಮೂವತ್ತೆರಡು ಕಂಬವಿದ್ದರೆ ಐದು ಸಾಕು. ಸಂತೆಯಲ್ಲಿ ಕಳೆದುಹೋದ ಮಗುವನ್ನು ಅಂಗಡಿ ಅಂಗಡಿಗೂ ಕೇಳದೆ, ಅರ್ಧ ಸಂತೆಯನ್ನು ಒಂದೇ ಮಾತಿಗೆ ಬಿಟ್ಟುಬಿಡುವ ಉಪಾಯ ಇದು.

ಹತ್ತಕ್ಕೂ ಹನ್ನೊಂದಕ್ಕೂ ನಡುವೆ, ಪಾದಚಾರಿ ಮಾರ್ಗದ ಎರಡು ಕಲ್ಲು ಎಬ್ಬಿಸಿದಾಗ ಕಂಡದ್ದು ಹೀಗೆ: ಹಿಂದಿನ ವರ್ಷ ಯಾರೋ ಇನ್ನಾವುದೋ ಕೇಬಲ್ ಹೂಳಲು ಅಗೆದಿದ್ದಾರೆ, ಪಿಕಾಸಿ ನಮ್ಮ ಕೇಬಲ್ಲಿಗೆ ಬಡಿದಿದೆ, ಅವರು ಅದಕ್ಕೆ ಕಪ್ಪು ಟೇಪು ಸುತ್ತಿ ಮಣ್ಣು ಮುಚ್ಚಿದ್ದಾರೆ. ಅರ್ಧ ದಿನದಲ್ಲಿ ಸರಿಯಾದ ಜಾಯಿಂಟ್ ಹಾಕಿದರು.

ಇನ್ನೊಂದು ಬಗೆಯ ಕೇಡು ಒಂದೇ ರಾತ್ರಿಯಲ್ಲಿ ಹತ್ತಾರು ದೀಪ ಸುಟ್ಟುಹಾಕುತ್ತದೆ. ಆಗ ಜನ 'ಕಳಪೆ ಮಾಲು' ಅನ್ನುತ್ತಾರೆ, ಗುತ್ತಿಗೆದಾರರು 'ಸಿಡಿಲು' ಅನ್ನುತ್ತಾರೆ. ಎರಡೂ ಇರಬಹುದು. ಆದರೆ ಮೊದಲು ನೋಡಬೇಕಾದದ್ದು ನ್ಯೂಟ್ರಲ್ ತಂತಿಯನ್ನು. ನೆಲದ ಮೇಲೆ ಒಂದು ಹಗ್ಗದ ಗಂಟು ಇದೆ, ಮೂರು ಜನ ಮೂರು ದಿಕ್ಕಿಗೆ ಎಳೆಯುತ್ತಿದ್ದಾರೆ, ಗಂಟು ಅಲುಗದಂತೆ ನಡುವೆ ಒಂದು ಗೂಟ ಹೊಡೆದಿದೆ ಎಂದುಕೊಳ್ಳಿ. ಮೂವರು ಮೂರು ಫೇಸುಗಳು, ಗೂಟವೇ ನ್ಯೂಟ್ರಲ್, ಗಂಟಿನಿಂದ ಪ್ರತಿಯೊಬ್ಬರಿಗೂ ಇರುವ ದೂರವೇ 230 ವೋಲ್ಟ್. ಗೂಟ ಕಿತ್ತರೆ ಗಂಟು ಹೆಚ್ಚು ಬಲದಿಂದ ಎಳೆಯುವವನ, ಅಂದರೆ ಹೆಚ್ಚು ಲೋಡ್ ಇರುವ ಫೇಸಿನ ಕಡೆ ಸರಿಯುತ್ತದೆ. ಅವನ ದೀಪಗಳು ಮಂಕಾಗುತ್ತವೆ. ಉಳಿದಿಬ್ಬರಿಗೆ ದೂರ ಹೆಚ್ಚಿತು: ವೋಲ್ಟೇಜು 300 ದಾಟಿ, ತೀರಾ ಕೆಟ್ಟ ಸ್ಥಿತಿಯಲ್ಲಿ 400ರ ಹತ್ತಿರ ಹೋಗಬಹುದು. ಹಾಗೆ ಸುಟ್ಟ ದೀಪಗಳ ಜಾಗದಲ್ಲಿ ಎಷ್ಟು ಒಳ್ಳೆಯ ಹೊಸ ದೀಪ ಹಾಕಿದರೂ ಅವೂ ಸುಡುತ್ತವೆ.

ಗೂಟ ಯಾಕೆ ಕಿತ್ತುಬರುತ್ತದೆ? ಬಹಳ ಸಲ ಕಾರಣ ಅಲ್ಯೂಮಿನಿಯಂ. ನೆಲದ ಕೇಬಲ್ಲುಗಳು ಅಗ್ಗವೆಂದು ಅಲ್ಯೂಮಿನಿಯಮ್ಮಿನವು, ಕಂಬದೊಳಗೆ ಏರುವ ತಂತಿ ತಾಮ್ರದ್ದು. ಎರಡನ್ನೂ ಬರಿದೇ ಹೊಸೆದು ಕಟ್ಟಿದರೆ ತೇವದಲ್ಲಿ ತಾಮ್ರದ ಸಂಗದಿಂದ ಅಲ್ಯೂಮಿನಿಯಂ ಸವೆದುಹೋಗುತ್ತದೆ. ಅಲ್ಯೂಮಿನಿಯಂ ಮೆತ್ತನೆಯ ಲೋಹ. ರಾತ್ರಿ ಕಾದು ಹಗಲು ತಣ್ಣಗಾಗುತ್ತ ವರ್ಷದಲ್ಲಿ 365 ಸಲ ಹಿಗ್ಗಿ ಕುಗ್ಗಿ ಸ್ಕ್ರೂವಿನ ಹಿಡಿತದಿಂದ ಜಾರುತ್ತದೆ. ಸಡಿಲವಾದ ಗಂಟು ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನೂ ಸಡಿಲವಾಗುತ್ತದೆ. ಎರಡು ಲೋಹಕ್ಕೂ ಹೊಂದುವ ಲಗ್ಗು ಎಂಬ ಜೋಡುತುಂಡು ಹಾಕಿ, ವರ್ಷಕ್ಕೊಮ್ಮೆ ಸ್ಕ್ರೂ ಬಿಗಿ ಮಾಡಿದರೆ ಮುಗಿಯಿತು. ಆದರೆ ಸ್ಕ್ರೂ ಬಿಗಿ ಮಾಡಿದ್ದನ್ನು ಉದ್ಘಾಟಿಸಲು ಯಾವ ಶಾಸಕರೂ ಬರುವುದಿಲ್ಲ.

ಈಗ ದೀಪದ ಬಗ್ಗೆ. ಸಣ್ಣ ಊರುಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿರುವ ಹಳದಿ ಸೋಡಿಯಂ ದೀಪ ಹತ್ತಿ, ಕೆಲವು ನಿಮಿಷ ಉರಿದು, ಆರಿ, ಮತ್ತೆ ಹತ್ತುವುದನ್ನು ನೀವು ನೋಡಿರುತ್ತೀರಿ. ಅದು ಮುಪ್ಪಿನ ಲಕ್ಷಣ. ಹೊಸದಾಗಿದ್ದಾಗ ಸುಮಾರು 100 ವೋಲ್ಟಿನಲ್ಲಿ ಉರಿಯುವ ದೀಪ ವಯಸ್ಸಾದಂತೆ ಹೆಚ್ಚು ಹೆಚ್ಚು ಬೇಡುತ್ತದೆ. ಬಿಸಿಯಾದ ಮೇಲೆ ಅದು ಕೇಳುವಷ್ಟನ್ನು ಚೋಕ್ ಕೊಡಲಾರದು, ದೀಪ ಆರುತ್ತದೆ. ತಣಿದ ಮೇಲೆ ಇಗ್ನೈಟರ್ ಕೆಲವು ಸಾವಿರ ವೋಲ್ಟಿನ ಕಿಡಿ ಕೊಟ್ಟು ಮತ್ತೆ ಹಚ್ಚುತ್ತದೆ. ಇಲ್ಲಿ ಚೋಕ್ ಬದಲಿಸುವುದು ವ್ಯರ್ಥ, ದೀಪವನ್ನೇ ಬದಲಿಸಬೇಕು. ಎಲ್ಲ ಸಲವೂ ದೀಪದ್ದು ತಪ್ಪಲ್ಲ ಎಂದು ಹೇಳುತ್ತ ಬಂದ ನಾನು ಇದೊಂದನ್ನು ಒಪ್ಪಲೇಬೇಕು.

ಎಲ್‌ಇಡಿಯ ಪೆಟ್ಟಿಗೆಯ ಮೇಲೆ 50,000 ಗಂಟೆ ಎಂದು ಬರೆದಿರುತ್ತದೆ. ರಾತ್ರಿಗೆ 12 ಗಂಟೆಯಂತೆ ವರ್ಷಕ್ಕೆ 4,380. ಅಂದರೆ ಹನ್ನೊಂದು ವರ್ಷಕ್ಕೂ ಮಿಕ್ಕಿ ಬಾಳಬೇಕು. ಆದರೆ ಆ ಅಂಕಿ ಸಾಮಾನ್ಯವಾಗಿ ಬೆಳಕು ಕೊಡುವ ಚಿಪ್ಪಿನದು, ಅದೂ ಬೆಳಕು ಮೊದಲಿನ ನೂರಕ್ಕೆ 70 ಪಾಲಿಗೆ ಇಳಿಯುವವರೆಗಿನ ಲೆಕ್ಕ. ಚಿಪ್ಪಿಗೆ ವಿದ್ಯುತ್ತನ್ನು ಹದ ಮಾಡಿ ಉಣಿಸುವ ಡ್ರೈವರಿನ ಆಯಸ್ಸು ಬೇರೆ. ಅದರೊಳಗಿನ ಕೆಪ್ಯಾಸಿಟರಿಗೆ ಶಾಖವೇ ಶತ್ರು: ಹತ್ತು ಡಿಗ್ರಿ ಹೆಚ್ಚಾದರೆ ಆಯಸ್ಸು ಅರ್ಧ ಎಂಬುದು ಎಲೆಕ್ಟ್ರಾನಿಕ್ಸಿನವರ ಸ್ಥೂಲ ಲೆಕ್ಕ. ಬೆಂಗಳೂರಿಗೆ ಸರಿಹೋದ ದೀಪ ಕಲಬುರಗಿಯ ಮೇ ತಿಂಗಳಿಗೆ ಸರಿಹೋಗಬೇಕೆಂದಿಲ್ಲ. ಟೆಂಡರಿನಲ್ಲಿ ಎರಡೂ ಊರಿಗೆ ಒಂದೇ ಷರತ್ತು ಬರೆಯುವವರು ಇದನ್ನು ನೆನಪಿಡಬೇಕು.

ಎಲ್‌ಇಡಿಯ ಇನ್ನೊಂದು ಗುಟ್ಟು, ಅದು ಆರದೆಯೇ ಕೆಡಬಲ್ಲದು. ಸೋಡಿಯಂ ಹಾಗಲ್ಲ, ಹೋದರೆ ಹೋಯಿತು, ದೂರು ಬರುತ್ತದೆ. ಎಲ್‌ಇಡಿ ವರ್ಷ ವರ್ಷಕ್ಕೂ ತುಸು ತುಸುವೇ ಮಂಕಾಗುತ್ತದೆ, ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ. ಭಾರತೀಯ ಮಾನಕದಂತೆ ವಾಹನ ದಟ್ಟಣೆಯ ಮುಖ್ಯರಸ್ತೆಗೆ ಸರಾಸರಿ 30 ಲಕ್ಸ್, ಓಡಾಟ ಕಡಿಮೆಯಿರುವ ಒಳರಸ್ತೆಗೆ 4 ಲಕ್ಸ್ ಬೆಳಕು ಬೇಕು. ನೆಲಕ್ಕೆ ಎಷ್ಟು ಬೀಳುತ್ತಿದೆ ಎಂದು ಅಳೆಯುವ ರೂಢಿ ನಮ್ಮಲ್ಲಿಲ್ಲ. ದೀಪ ಉರಿಯುತ್ತಿದೆಯೋ ಇಲ್ಲವೋ ಎಂಬಷ್ಟಕ್ಕೆ ಮುಗಿಯುತ್ತದೆ. ಬಣ್ಣವೂ ಕೆಡಬಹುದು: ಅಮೆರಿಕದ ಹಲವು ನಗರಗಳಲ್ಲಿ ಈಚಿನ ವರ್ಷಗಳಲ್ಲಿ ಬಿಳಿ ಬೀದಿದೀಪಗಳು ನೇರಳೆಗೆ ತಿರುಗಿ ಜನ ಬೆರಗಾದರು. ಎಲ್‌ಇಡಿಯ ಬಿಳಿ ಎಂಬುದು ನೀಲಿ ಬೆಳಕಿನ ಮೇಲೆ ಹಳದಿ ಲೇಪ ಹಚ್ಚಿ ಮಾಡಿದ್ದು. ಲೇಪ ಕಿತ್ತುಬಂದರೆ ಒಳಗಿನ ಬಣ್ಣ ಹೊರಬೀಳುತ್ತದೆ.

ಹಾಡಹಗಲು ಉರಿಯುವ ದೀಪವನ್ನು ಕಂಡು ಸಿಟ್ಟಾಗದವರಿಲ್ಲ. ಅದೂ ಒಂದು ಕೇಡೇ, ಬಹುತೇಕ ಟೈಮರಿನದು. ಹಳೆಯ ಗಡಿಯಾರದಂಥ ಟೈಮರು ಕರೆಂಟ್ ಹೋದಷ್ಟು ಹೊತ್ತು ನಿಲ್ಲುತ್ತದೆ. ದಿನಕ್ಕೆ ಒಂದು ಗಂಟೆ ಕರೆಂಟ್ ಹೋದರೆ ಹನ್ನೆರಡು ದಿನಕ್ಕೆ ಹಗಲು ರಾತ್ರಿ ಅದಲುಬದಲು. ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ನವೆಂಬರಿನಲ್ಲಿ 5.50ರ ಸುಮಾರಿಗೆ, ಜುಲೈನಲ್ಲಿ 6.50ರ ಸುಮಾರಿಗೆ. ಊರಿನ ಅಕ್ಷಾಂಶ ರೇಖಾಂಶ ಹೇಳಿಕೊಟ್ಟರೆ ಈ ಏರಿಳಿತವನ್ನು ತಾನೇ ಲೆಕ್ಕ ಹಾಕಿಕೊಳ್ಳುವ ಟೈಮರುಗಳು ಬಂದು ಎಷ್ಟೋ ಕಾಲವಾಯಿತು. ಕೆಲವು ಕಡೆ ಹಗಲು ದೀಪಕ್ಕೆ ಇನ್ನೂ ಸರಳ ಕಾರಣವಿರುತ್ತದೆ: ಸ್ವಿಚ್ ಹಾಕಿ ಆರಿಸುವ ವ್ಯಕ್ತಿ ರಜೆ.

ಇಷ್ಟೆಲ್ಲ ಗೊತ್ತಿರುವ ಎಂಜಿನಿಯರುಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹಾಗಿದ್ದೂ ಅದೇ ಕಂಬ ಯಾಕೆ ಮತ್ತೆ ಮತ್ತೆ ಕೆಡುತ್ತದೆ? ಒಂದು, ಒಡೆತನದ ಗೋಜಲು. ಎಷ್ಟೋ ಬೀದಿಗಳಲ್ಲಿ ಕಂಬ ವಿದ್ಯುತ್ ಕಂಪನಿಯದು, ದೀಪ ಪಾಲಿಕೆಯದು, ನಿರ್ವಹಣೆ ಗುತ್ತಿಗೆದಾರರದು, ಬುಡ ಅಗೆಯುವ ಹಕ್ಕು ಎಲ್ಲರದು. ಕೇಡು ಸಿಕ್ಕಿದ್ದು ಕೇಬಲ್ಲಿನಲ್ಲಿ ಎಂದರೆ ಮೂವರೂ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಎರಡು, ಹಣ ಕೊಡುವ ರೀತಿ. ಬದಲಿಸಿದ ದೀಪ ಎಣಿಸಿ ಹಣ ಕೊಟ್ಟರೆ ದೀಪಗಳು ಬದಲಾಗುತ್ತಲೇ ಇರುತ್ತವೆ. ವಿದ್ಯುತ್ ಬಿಲ್ಲಿನ ಉಳಿತಾಯ ನೋಡಿ ಕೊಟ್ಟರೆ ಆರಿದ ದೀಪವೂ ಉಳಿತಾಯದಂತೆ ಕಾಣುವ ಅಪಾಯವಿದೆ. ಬೆಂಗಳೂರಿನ ಸುಮಾರು 4.85 ಲಕ್ಷ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸಿ, ಉಳಿತಾಯದ ಹಣದಿಂದಲೇ ವೆಚ್ಚ ತೀರಿಸುವ ದೊಡ್ಡ ಒಪ್ಪಂದ ಕೆಲವು ವರ್ಷಗಳ ಹಿಂದೆ ಆಗಿತ್ತು. ಅದು ಕುಂಟುತ್ತ ಸಾಗಿ ರದ್ದಾಯಿತು.

ಅಮೆರಿಕದ ಡೆಟ್ರಾಯಿಟ್ ನಗರದ ಅನುಭವ ನನ್ನ ವಾದಕ್ಕೆ ಅರ್ಧ ಆಸರೆ, ಅರ್ಧ ಪೆಟ್ಟು. 2013ರಲ್ಲಿ ಆ ನಗರ ದಿವಾಳಿಯಾದಾಗ ಅಲ್ಲಿನ 88,000 ಬೀದಿದೀಪಗಳಲ್ಲಿ ಸುಮಾರು ನೂರಕ್ಕೆ 40ರಷ್ಟು ಉರಿಯುತ್ತಿರಲಿಲ್ಲ. ಹಳೆಯ ಜಾಲ ಶಿಥಿಲವಾಗಿತ್ತು, ತಾಮ್ರದ ತಂತಿಯನ್ನು ಕಳ್ಳರು ಕತ್ತರಿಸಿ ಒಯ್ಯುತ್ತಿದ್ದರು. ಬೀದಿದೀಪಕ್ಕೆಂದೇ ಸ್ಥಾಪಿಸಿದ ಪ್ರಾಧಿಕಾರವು ಬರೀ ದೀಪ ಬದಲಿಸಲು ಹೋಗಲಿಲ್ಲ. ತಂತಿಯ ಜಾಲವನ್ನೇ ಮರುರೂಪಿಸಿತು, ಕಳ್ಳರಿಗೆ ಲಾಭವಿಲ್ಲದ ಅಲ್ಯೂಮಿನಿಯಂ ಬಳಸಿತು, ದೀಪಗಳ ಸಂಖ್ಯೆಯನ್ನು 65,000ಕ್ಕೆ ಇಳಿಸಿ 2016ರ ಕೊನೆಗೆ ಎಲ್ಲವನ್ನೂ ಬೆಳಗಿಸಿತು. ಎರಡೇ ವರ್ಷಗಳಲ್ಲಿ ಒಂದೇ ತಯಾರಕರ ಸುಮಾರು 20,000 ದೀಪಗಳು ಮಂಕಾಗಿ, ಸುಟ್ಟು ಕರಕಾಗತೊಡಗಿದವು, 2019ರಲ್ಲಿ ಪ್ರಾಧಿಕಾರ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ತಪ್ಪು ನಿಜಕ್ಕೂ ದೀಪದ್ದೇ. ಆದರೆ ಅವರಿಗೆ ಹಾಗೆ ಹೇಳಲು ಸಾಧ್ಯವಾದದ್ದು ಯಾವ ಬೀದಿಯಲ್ಲಿ ಯಾರ ದೀಪವಿದೆ ಎಂಬ ಲೆಕ್ಕ ಇದ್ದುದರಿಂದ. ಕೇಡು ಬೀದಿಯನ್ನು ಹಿಡಿದು ಬಂದರೆ ತಂತಿ, ಕಂಪನಿಯನ್ನು ಹಿಡಿದು ಬಂದರೆ ದೀಪ.

ನಮ್ಮಲ್ಲಿ ಆ ಲೆಕ್ಕವೇ ಇಲ್ಲ. ಪೆಟ್ಟಿಗೆಗೆ ದೂರನಿಯಂತ್ರಕ ಕೂರಿಸಿ ಕಂಟ್ರೋಲ್ ರೂಮಿನಿಂದ ನೋಡುವ ವ್ಯವಸ್ಥೆ ಕೆಲವು ನಗರಗಳಲ್ಲಿ ಬಂದಿದೆ. ಸಾಲಿಗೆ ಹರಿಯುವ ವಿದ್ಯುತ್ತು ಇಳಿದದ್ದನ್ನು ನೋಡಿ ಇಷ್ಟು ದೀಪ ಆರಿರಬೇಕು ಎಂದು ಅದು ಊಹಿಸಬಲ್ಲದು. ಯಾವ ಕಂಬ, ಯಾಕೆ ಎಂಬುದು ಅದಕ್ಕೂ ತಿಳಿಯದು. ಬೇಕಾದದ್ದು ಇಷ್ಟು: ಕಂಬಕ್ಕೊಂದು ಅಳಿಯದ ಸಂಖ್ಯೆ, ಆ ಸಂಖ್ಯೆಯ ಹೆಸರಿನಲ್ಲಿ ಒಂದು ಪುಟ, ಅದರಲ್ಲಿ ದೀಪ ಯಾವಾಗಿನದು, ಯಾರದು, ಎಷ್ಟು ಸಲ ಕೆಟ್ಟಿತು, ಕಾರಣ ಏನು ಸಿಕ್ಕಿತು. ಒಂದೇ ಪೆಟ್ಟಿಗೆಯ ಸಾಲಿನಲ್ಲಿ ತಿಂಗಳೊಳಗೆ ಎರಡನೆಯ ದೂರು ಬಂದರೆ ಏಣಿಯವರ ಬದಲು ಮೆಗ್ಗರಿನವರು ಹೋಗಬೇಕು, ಅದೂ ಮಳೆಯ ಮರುದಿನ. ಬೆಂಗಳೂರಿನಲ್ಲಿ ಬಿಬಿಎಂಪಿ ಎಂಬ ಒಂದೇ ಪಾಲಿಕೆ ಹೋಗಿ 2025ರ ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳಾಗಿವೆ, ಹೇಗೂ ಆಸ್ತಿಪಾಸ್ತಿಯ ಪಟ್ಟಿ ಹಂಚಿಕೊಳ್ಳಬೇಕು. ಪುಟ ತೆರೆಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು. ಓದುಗರೂ ಒಂದು ಕೆಲಸ ಮಾಡಬಹುದು. 'ದೀಪ ಉರಿಯುತ್ತಿಲ್ಲ' ಎಂದಷ್ಟೇ ಬರೆಯಬೇಡಿ. ಎಷ್ಟು, ಯಾವ ಯಾವುದು, ಯಾವಾಗಿನಿಂದ, ಮಳೆ ಬಂದಿತ್ತೇ, ಹಿಂದೆ ಎಷ್ಟು ಸಲ ಹೀಗಾಗಿತ್ತು ಎಂದು ಬರೆಯಿರಿ. ಕಂಬವನ್ನು ಮುಟ್ಟದೆ, ದೂರ ನಿಂತು ಎಣಿಸಿ.

ಜಾಯಿಂಟ್ ಹಾಕಿದ ಮೇಲೆ ನಮ್ಮ ಬೀದಿ ಇನ್ನೊಂದು ಮಳೆಗಾಲ ಕಂಡಿದೆ, ದೀಪ ಆರಲಿಲ್ಲ. ಜಾಯಿಂಟ್ ಹಾಕಿದ ದಿನ ಸಂಜೆ ಆ ಹಿರಿಯ ತಂತ್ರಜ್ಞರು ಕೆಲಸ ಮುಗಿಸಿ, ಕೈಯ ಮಣ್ಣು ಒರೆಸಿಕೊಂಡು, ಮೊಬೈಲಿನಲ್ಲಿ ದೂರು ಮುಚ್ಚಲು ಕೂತರು. ಪರದೆಯ ಮೇಲೆ ಆರಿಸಿಕೊಳ್ಳಲು ಮೂರು ಉತ್ತರಗಳಿದ್ದವು: ಬಲ್ಬ್ ಬದಲಿಸಲಾಗಿದೆ, ಫ್ಯೂಸ್ ಬದಲಿಸಲಾಗಿದೆ, ದೋಷ ಕಂಡುಬಂದಿಲ್ಲ. ಸ್ವಲ್ಪ ಹೊತ್ತು ನೋಡಿ ಅವರು ಮೊದಲನೆಯದನ್ನು ಒತ್ತಿದರು.